ದಿಡ್ಡಿಯೋರ ಹೊಲ

ಗುಮ್ಮಳಾಪುರ,
9 ಜನವರಿ 2024

ಪವಿತ್ರ,

ನಿನ್ನ ವಿಳಾಸ ಕೊಟ್ಟವರು ಯಾರೆಂದು ಕೇಳಬೇಡ. ಹನ್ನೊಂದು ವರ್ಷದಿಂದ ನನ್ನ ಕರೆ ನಿನ್ನ ಫೋನಿಗೆ ಹೋಗುತ್ತಿಲ್ಲ. ಹಾಗಾಗಿ ಕಾಗದ.

ಕೆಲಸದ ಮಾತು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಹೆಬ್ಬಂಡೆಯ ಕೋಟೆಗುಡ್ಡದ ಸುತ್ತ ಇನ್ನೂರು ವರ್ಷದ ಹಿಂದೆ ಇಂಗ್ಲಿಷರ ಕುಂಪಣಿಯ ಸೈನ್ಯದೊಡನೆ ನಡೆದ ಯುದ್ಧದ ಕುರುಹು ಹುಡುಕಲು ನಮ್ಮ ವಿಶ್ವವಿದ್ಯಾಲಯಕ್ಕೆ ಅನುಮತಿ ಸಿಕ್ಕಿದೆ. ನಾನೇ ಮುಂದೆ ನಿಂತು ನಡೆಸುತ್ತಿದ್ದೇನೆ. ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಹೊಲದಲ್ಲಿ ಎರಡು ಹೆಜ್ಜೆಗೊಂದು ಸಾಲಿನಂತೆ ನಡೆಯುತ್ತೇವೆ. ಯಂತ್ರ ಕೂಗಿದ ಕಡೆ ಗೇಣುದ್ದ ಮಣ್ಣು ಬಿಡಿಸುತ್ತೇವೆ. ಬಂದೂಕಿನ ಗುಂಡೋ ಮುರಿದ ಮೊಳೆಯೋ, ಏನು ಸಿಕ್ಕರೂ ಆ ಜಾಗ ಗುರುತಿಸಿಕೊಂಡು ಒಂದು ಬಾವುಟ ನೆಡುತ್ತೇವೆ. ಸಿಕ್ಕ ವಸ್ತುವಿಗಿಂತ ಅದು ಬಿದ್ದಿದ್ದ ಜಾಗವೇ ನಮಗೆ ಮುಖ್ಯ. ನೂರಾರು ಬಾವುಟ ನೆಟ್ಟ ಮೇಲೆ ದೂರ ನಿಂತು ನೋಡಿದರೆ, ಯಾರು ಎಲ್ಲಿ ನಿಂತು ಯಾರ ಕಡೆಗೆ ಹೊಡೆದರೆಂಬುದು ಕಣ್ಣಿಗೆ ಕಾಣುತ್ತದೆ.

ಕೋಟೆಯ ಮೂಡಲ ಬಾಗಿಲಿನ ಕಡೆ ಮುಗಿಯುತ್ತ ಬಂದಿದೆ. ಪಡುವಣ ಇಳಿಜಾರು ನಿಮ್ಮ ಹೊಲ. ನಿಮ್ಮಪ್ಪನನ್ನು ಕೇಳಲು ಹೋಗಿದ್ದೆ. ವೆಂಕಟರಾಮಪ್ಪ ಮಾಮ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, “ರಾಮಕೃಷ್ಣಪ್ಪನ ಮಗಳು ನಮ್ಮ ಮಣ್ಣು ಮುಟ್ಟೋದು ಬ್ಯಾಡ ಕಣಮ್ಮ, ಹೋಗು” ಎಂದರು. ಹೊಲದ ಪಟ್ಟಾದಲ್ಲಿ, ಅಂದರೆ ಹಕ್ಕುಪತ್ರದಲ್ಲಿ, ನಿನ್ನ ಹೆಸರೂ ಇದೆ. ನಮ್ಮ ಅನುಮತಿ ಏಪ್ರಿಲ್ ಕೊನೆಗೆ ಮುಗಿಯುತ್ತದೆ.

ಬೇರೆ ಮಾತು ಬರೆಯಲು ನನಗೆ ಮುಖವಿಲ್ಲ.

ಭಾನು


ಅವಲಪಲ್ಲಿ, ಹೊಸೂರು,
24 ಜನವರಿ 2024

ಭಾನು,

ಮುಖವಿಲ್ಲದವಳು ಹೊಲ ಕೇಳುತ್ತಾಳೆಯೇ?

ನೀನು ಮರೆತಿದ್ದರೆ ನಾನು ನೆನಪಿಸುತ್ತೇನೆ. ನಿನ್ನ ಅಣ್ಣ ಗಿರಿಯನ್ನು ಮದುವೆಯಾಗುತ್ತೇನೆಂದು ಹೇಳಲು ನಾನೇ ನಿಮ್ಮ ಮನೆಗೆ ಬಂದಿದ್ದೆ. ಜಗಲಿಯ ಮೇಲೆ ಹತ್ತು ಜನ ಕೂತಿದ್ದರು. ನಿಮ್ಮಪ್ಪ ದನಿ ಏರಿಸಲೂ ಇಲ್ಲ. “ಕುಂಪಣಿಯೋರು ಮುತ್ತಿದಾಗ ನಮ್ಮ ಚೌಡೇಗೌಡ ಮೂಡಲ ಬಾಗ್ಲಾಗೆ ಮೂರು ದಿನ ಬಡಿದಾಡಿ ಸತ್ತ. ಪಡುವಣ ಗೋಡೆಯ ದಿಡ್ಡಿ ಕಾಯ್ತಿದ್ದೋನು ನಿಮ್ಮ ಆವುಲಪ್ಪ. ಒಬ್ಬ ಬಗ್ಗಿ ನುಗ್ಗೋವಷ್ಟು ಬಾಗ್ಲು. ಅದನ್ನ ತೆಗೆದು ಅವ್ರನ್ನ ಒಳಕ್ಕೆ ಬುಟ್ಟ. ದಿಡ್ಡಿಯೋರ ಹೆಣ್ಣು ನಮ್ಮ ಹೊಸಿಲು ದಾಟಂಗಿಲ್ಲ ಕಣಮ್ಮ” ಎಂದರು.

ಗಿರಿ ತಲೆ ತಗ್ಗಿಸಿದ. ಅವನಿಂದ ನಾನು ಹೆಚ್ಚು ನಿರೀಕ್ಷಿಸಿರಲಿಲ್ಲ. ನಾನು ನಿನ್ನ ಮುಖ ನೋಡಿದೆ. ಇತಿಹಾಸ ಓದಿದವಳು ನೀನು. ‘ಅದು ನಿಜವೋ ಸುಳ್ಳೋ ಯಾರಿಗೆ ಗೊತ್ತಪ್ಪ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನೀನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಈಗ ಯಂತ್ರ ಹಿಡಿದು ಬಂದಿದ್ದೀಯ. ಇವತ್ತಿನವರೆಗೆ ಅದು ಬರೀ ಬಾಯಿಮಾತು. ಮುದುಕರ ಜೊತೆ ಅದೂ ಹೋಗುತ್ತದೆಂದು ನಾವು ಕಾಯುತ್ತಿದ್ದೇವೆ. ನೀನು ಹುಡುಕಿ, ಹೌದು, ನಿಜವೇ ಎಂದು ಬರೆದರೆ ಅದು ಪುಸ್ತಕ ಸೇರುತ್ತದೆ. ಆಮೇಲೆ ಯಾರು ಸತ್ತರೆ ಅದು ಹೋಗುತ್ತದೆ?

ಕೊಡುವುದಿಲ್ಲ.

ಪವಿತ್ರ


ಗುಮ್ಮಳಾಪುರ,
30 ಜನವರಿ 2024

ಪವಿತ್ರ,

ಲೋಟ ಎತ್ತಿಕೊಂಡು ಹೋದದ್ದು ನಿಜ. ನೀನು ಅಂಗಳ ದಾಟಿ ಹೋಗುವವರೆಗೂ ಅವನ್ನು ತೊಳೆಯುತ್ತಲೇ ಇದ್ದೆ. ಅಪ್ಪನ ಭಯವಿತ್ತು. ಆದರೆ ಭಯವೊಂದೇ ಕಾರಣವೆಂದರೆ ಸುಳ್ಳಾಗುತ್ತದೆ. ಆ ಕತೆಯನ್ನು ನಾನೂ ನಂಬಿದ್ದೆ. ಇದನ್ನು ಬರೆಯದೆ ಮುಂದಿನದನ್ನು ಬರೆಯಬಾರದು ಅನ್ನಿಸಿತು.

ಮೂಡಲ ಬಾಗಿಲ ಮುಂದೆ ಮೂರು ವಾರ ಹುಡುಕಿದೆವು. ಮೂರು ದಿನ ಬಡಿದಾಡಿದರೆನ್ನುವ ಜಾಗದಲ್ಲಿ ಸಿಕ್ಕಿದ್ದು ಮೂರೇ ಗುಂಡು. ಕೆಲವನ್ನು ಜನ ಆರಿಸಿಕೊಂಡು ಹೋಗಿರಬಹುದು, ಕೆಲವು ಮಳೆಗೆ ಕೊಚ್ಚಿ ಹೋಗಿರಬಹುದು. ಅಷ್ಟೂ ಹೋಗಲಾರವು. ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.

ಇನ್ನೊಂದು ಸಂಗತಿ. ಅಪ್ಪ ಮತ್ತು ಊರ ಹಿರಿಯರು ಯುಗಾದಿ ಕಳೆದ ಮೇಲೆ ಗುಡ್ಡದ ಬುಡದಲ್ಲಿ ಚೌಡೇಗೌಡನ ಹೆಸರಿನ ಕಲ್ಲು ನಿಲ್ಲಿಸಲಿದ್ದಾರೆ. ಆಳೆತ್ತರದ ಕಲ್ಲು. ಕೆತ್ತನೆ ನಡೆದಿದೆ. ಕೊನೆಯ ಸಾಲಿನಲ್ಲಿ ಆವುಲಪ್ಪನ ಹೆಸರಿದೆ, ದ್ರೋಹಿ ಎಂಬ ಮಾತಿನ ಜೊತೆ. ಬಾಯಿಮಾತು ಹೋಗಲೆಂದು ನೀನು ಕಾಯುತ್ತಿದ್ದೀಯ. ಅದು ಕಲ್ಲಿಗೇರುತ್ತಿದೆ.

ನಿನ್ನವರ ವಿರುದ್ಧ ಸಿಕ್ಕರೆ ಮುಚ್ಚಿಡುತ್ತೇನೆಂದು ಮಾತು ಕೊಡಲಾರೆ. ಸಿಕ್ಕಿದ್ದು ಏನೇ ಇರಲಿ, ಮೊದಲು ನಿನಗೆ ಹೇಳುತ್ತೇನೆ. ಅಪ್ಪನಿಗಿಂತ, ವಿಶ್ವವಿದ್ಯಾಲಯಕ್ಕಿಂತ ಮೊದಲು. ಅಷ್ಟು ಮಾತ್ರ ಕೊಡಬಲ್ಲೆ.

ಭಾನು


ಅವಲಪಲ್ಲಿ,
13 ಫೆಬ್ರವರಿ 2024

ಭಾನು,

ಕಲ್ಲಿನ ವಿಷಯ ತಿಳಿದ ಮೇಲೆ ನಾಲ್ಕು ದಿನ ಕಾರ್ಖಾನೆಯಲ್ಲಿ ಕೈ ಓಡಲಿಲ್ಲ. ನಾನು ಅಲ್ಲಿ ತಯಾರಾದ ಬಿಡಿಭಾಗಗಳ ಅಳತೆ ನೋಡುವವಳು. ಸರಿಯಿದ್ದ ಒಂದು ಟ್ರೇ ಮಾಲನ್ನು ತಪ್ಪೆಂದು ವಾಪಸ್ ಕಳಿಸಿಬಿಟ್ಟೆ.

ಭಾನುವಾರ ಊರಿಗೆ ಹೋಗಿ ಅಪ್ಪನ ಮುಂದೆ ಕೂತೆ. ಕಲ್ಲಿನ ವಿಷಯ ಹೇಳಿದೆ. ಅವನು ಎದ್ದು ಹೊಲದ ಬದಿಯ ಹಾಳುಬಾವಿಯ ಹತ್ತಿರ ಕರೆದುಕೊಂಡು ಹೋದ.

“ನಾನು ಚಿಕ್ಕೋನಿದ್ದಾಗ ಉಳುವಾಗೆಲ್ಲ ಸೀಸದ ಗುಂಡು ಸಿಗ್ತಿದ್ವು ಕಣಮ್ಮಿ. ಯಾರ ಕಣ್ಣಿಗೂ ಬೀಳ್ದಂಗೆ ಬಾವಿಗೆ ಹಾಕ್ಬುಡ್ಲಾ ಅಂತಿದ್ದ ನಮ್ಮಪ್ಪ.”

“ಯಾಕಪ್ಪ?”

“ಕುಂಪಣಿಯೋರ ಗುಂಡು ನಮ್ಮ ಹೊಲದಾಗೆ ಸಿಕ್ತು ಅಂದ್ರೆ, ನೋಡ್ರಪ್ಪಾ, ಇವ್ರೇ ಕರ್ಕೊಂಡಿದ್ದು ಅಂತಾರಲ್ಲ. ಆ ಹೆದ್ರಿಕೆ.”

ನಾನು ಬಾವಿಯೊಳಗೆ ಬಗ್ಗಿ ನೋಡಿದೆ. ಲಂಟಾನ ಬೆಳೆದು ಏನೂ ಕಾಣಿಸಲಿಲ್ಲ. ನಮ್ಮ ತಾತ, ಅವರಪ್ಪ, ಎಲ್ಲರೂ ಅಡಗಿಸಿಯೇ ಬದುಕಿದ್ದಾರೆ. ಅಡಗಿಸಿದ್ದು ಏನನ್ನೆಂದು ಅವರಿಗೂ ಗೊತ್ತಿರಲಿಲ್ಲ.

ಹುಡುಕು. ನನ್ನದು ಎರಡು ಷರತ್ತು. ಮೊದಲು ನನಗೆ ಹೇಳುತ್ತೇನೆಂದ ಮಾತು ಮುರಿಯಬಾರದು. ಸಿಕ್ಕಿದ್ದನ್ನು ನಾನು ನನ್ನ ಕೈಯಲ್ಲಿ ಹಿಡಿದು ನೋಡಬೇಕು. ಅಪ್ಪ ಸಹಿ ಮಾಡಿದ ಒಪ್ಪಿಗೆ ಇದರ ಜೊತೆಗಿದೆ. ಸಹಿ ಹಾಕುವಾಗ, “ಇದು ಕೊಳ್ಳಿ ತಗೊಂಡು ತಲೆ ಕೆರ್ಕೊಂಡಂಗೆ” ಎಂದ. ಆದರೂ ಹಾಕಿದ.

ಪವಿತ್ರ


ಗುಮ್ಮಳಾಪುರ,
11 ಮಾರ್ಚ್ 2024

ಪವಿತ್ರ,

ಮಾತಿನಂತೆ ಮೊದಲು ನಿನಗೆ ಬರೆಯುತ್ತಿದ್ದೇನೆ.

ನಿಮ್ಮ ಹೊಲದಲ್ಲಿ ಮೂರು ವಾರದಲ್ಲಿ ಇನ್ನೂರ ಹದಿನೆಂಟು ಗುಂಡು ಸಿಕ್ಕಿವೆ. ಎರಡು ಜಾತಿ. ದಪ್ಪನೆಯವು ಕುಂಪಣಿಯವರ ಬಂದೂಕಿನವು, ಸಣ್ಣವು ಕೋಟೆಯವರವು. ಹೊಡೆದ ಗುಂಡು ಕಲ್ಲಿಗೋ ನೆಲಕ್ಕೋ ಬಡಿದು ಚಪ್ಪಟೆಯಾಗುತ್ತದೆ. ಹೊಡೆಯದೆ ಕೈಜಾರಿ ಬಿದ್ದದ್ದು ಗೋಲಿಯಂತೆ ದುಂಡಗೇ ಇರುತ್ತದೆ. ಚಪ್ಪಟೆಯಾದವಕ್ಕೆ ಕೆಂಪು ಬಾವುಟ, ದುಂಡಗಿರುವವಕ್ಕೆ ಬಿಳಿಯದು ನೆಟ್ಟಿದ್ದೇವೆ.

ನಿನ್ನೆ ಗೋಡೆಯ ಮೇಲೆ ಹತ್ತಿ ನೋಡಿದೆ. ದಿಡ್ಡಿಯ ಸುತ್ತ ಇಪ್ಪತ್ತು ಅಡಿ ಜಾಗದಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ಕೆಂಪು. ಅಲ್ಲಿರುವುದೆಲ್ಲ ದಪ್ಪ ಗುಂಡು, ಕಾಸಿನಂತೆ ಚಪ್ಪಟೆ. ದಿಡ್ಡಿಯಿಂದ ಕೆಳಕ್ಕೆ, ಅರವತ್ತು ಹೆಜ್ಜೆಯಿಂದ ತೊಂಬತ್ತರವರೆಗೆ, ಬೀಸಣಿಗೆ ಬಿಚ್ಚಿದಂತೆ ಸಣ್ಣ ಗುಂಡು. ಅಂದರೆ ಕುಂಪಣಿಯವರು ಕೆಳಗಿನಿಂದ ದಿಡ್ಡಿಗೇ ಗುರಿಯಿಟ್ಟು ಹೊಡೆದಿದ್ದಾರೆ. ದಿಡ್ಡಿಯಲ್ಲಿದ್ದವರು ತಿರುಗಿ ಹೊಡೆದಿದ್ದಾರೆ.

ಇನ್ನೂ ಇದೆ. ದಿಡ್ಡಿಯಿಂದ ಹದಿನೈದು ಹೆಜ್ಜೆಯೊಳಗೆ ಸೀಸದ್ದಲ್ಲದ ಚೂರುಗಳೂ ಸಿಕ್ಕಿವೆ. ಕುಡುಗೋಲಿನ ಚೂರು, ಮೊಳೆಯ ತುಂಡು, ಸರಪಳಿಯ ಕೊಂಡಿ, ಎಲ್ಲ ಹೊರಮುಖವಾಗಿ ಚೆಲ್ಲಿವೆ. ಸೀಸ ಮುಗಿದ ಮೇಲೆ ಕೈಗೆ ಸಿಕ್ಕ ಕಬ್ಬಿಣವನ್ನೇ ಬಂದೂಕಿಗೆ ತುಂಬಿ, ಎದುರಾಳಿ ಮುಖಕ್ಕೆ ಮುಖ ಬಂದಾಗ ಹೊಡೆದಿದ್ದಾರೆ ಎಂಬುದು ನನ್ನ ಊಹೆ.

ಬಾಗಿಲು ತೆಗೆದುಕೊಟ್ಟಿದ್ದರೆ ಆ ಬಾಗಿಲಿಗೆ ಅಷ್ಟು ಗುಂಡು ಏಕೆ ಬೇಕಿತ್ತು?

ಆವುಲಪ್ಪ ಅಲ್ಲಿದ್ದನೆಂದು ನಾನು ಸಾಬೀತು ಮಾಡಲಾರೆ. ಸೀಸದ ಮೇಲೆ ಹೆಸರಿರುವುದಿಲ್ಲ. ಆದರೆ ದಿಡ್ಡಿ ಕಾಯುತ್ತಿದ್ದವನು ಅವನೇ ಎಂದು ಇನ್ನೂರು ವರ್ಷದಿಂದ ಹೇಳುತ್ತ ಬಂದವರು ನಮ್ಮ ಮನೆಯವರೇ.

ಭಾನುವಾರ ಬಾ.

ಭಾನು


ಹೆಬ್ಬಂಡೆ,
17 ಮಾರ್ಚ್ 2024

ಚಿ. ಭಾನುಮತಿಗೆ ತಂದೆಯ ಆಶೀರ್ವಾದಗಳು.

ನಾಲ್ಕು ಮೈಲಿಯಾಚೆ ಇರುವ ಮಗಳಿಗೆ ಕಾಗದ ಬರೆಯುವ ಕಾಲ ಬಂತು. ಎದುರಿಗೆ ಕೂತರೆ ನನ್ನ ಬಾಯಿಂದ ಏನು ಬರುತ್ತದೋ ಎಂಬ ಅಂಜಿಕೆಯಿಂದ ಬರೆಯುತ್ತಿದ್ದೇನೆ.

ಮೂಡಲ ಬಾಗಿಲಲ್ಲಿ ಮೂರೇ ಗುಂಡು ಸಿಕ್ಕವಂತೆ, ದಿಡ್ಡಿಯಲ್ಲಿ ಇನ್ನೂರಂತೆ. ಈ ಮಾತು ಹಾಲಿನ ಡೈರಿಯಲ್ಲಿ ನನ್ನ ಕಿವಿಗೆ ಬಿತ್ತು. ನನ್ನ ಮಗಳು ನನಗೆ ಹೇಳಲಿಲ್ಲ, ದಿಡ್ಡಿಯೋರ ಮಗಳಿಗೆ ಹೇಳಿದಳು. ಇವತ್ತು ಅವಳು ಹೊಲಕ್ಕೆ ಬಂದು ಹೋದದ್ದನ್ನೂ ನೋಡಿದೆ.

ಚೌಡೇಗೌಡನ ಕತೆಯನ್ನು ನಾನು ಹುಟ್ಟಿಸಲಿಲ್ಲ. ನನ್ನ ತಾತ ಅದನ್ನು ಹೇಳುವಾಗ ಎದ್ದು ನಿಲ್ಲುತ್ತಿದ್ದರು, ಕೂತು ಹೇಳಿದ್ದನ್ನು ನಾನು ನೋಡಿಲ್ಲ. ಆ ಕತೆಯ ಬಲದ ಮೇಲೆ ಈ ಊರಿನ ನ್ಯಾಯ ಮಾಡಿದ್ದೇನೆ. ಹೆಣ್ಣು ಕೊಟ್ಟಿದ್ದೇನೆ, ತಂದಿದ್ದೇನೆ, ಬೇಡವೆಂದೂ ಹೇಳಿದ್ದೇನೆ. ಈಗ, ನಿನ್ನ ಮೂಲಪುರುಷ ಬಡಿದಾಡಲೇ ಇಲ್ಲ ಎಂದು ನನ್ನ ಮಗಳ ಕೈಯಲ್ಲೇ ಬರೆಸಬೇಕೆ? ಅದು ಸುಳ್ಳಾದರೆ ನಾನು ಮಾಡಿದ್ದೆಲ್ಲ ಏನಾಗುತ್ತದೆ ಎಂದು ಯೋಚಿಸಿದ್ದೀಯಾ?

ಕಲ್ಲು ಸಿದ್ಧವಾಗಿದೆ. ಲಾರಿ ಬರಲು ಪಡುವಣ ಕಡೆಯಿಂದ ದಾರಿ ಬೇಕು. ಗೋಡೆಯ ಬುಡದ ತುಂಡು ಭೂಮಿ ಪೊರಂಬೋಕು, ಯಾರ ಪಟ್ಟಾದಲ್ಲೂ ಇಲ್ಲ. ಬುಧವಾರ, ಮೂರನೇ ತಾರೀಖು, ಜೆಸಿಬಿ ಬರುತ್ತದೆ. ಅಷ್ಟರೊಳಗೆ ನಿನ್ನ ಬಾವುಟಗಳನ್ನು ಕಿತ್ತುಕೊಂಡು ಹೋಗು.

ನಿನ್ನ ತಂದೆ,
ರಾಮಕೃಷ್ಣಪ್ಪ


ಅವಲಪಲ್ಲಿ,
25 ಮಾರ್ಚ್ 2024

ಭಾನು,

ಹದಿನೇಳರ ಭಾನುವಾರ ಬಂದಾಗ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾತಾಡಿದರೆ ಅಳು ಬರುತ್ತಿತ್ತು. ನಿನ್ನ ಮುಂದೆ ಅಳಲು ನನಗೆ ಇಷ್ಟವಿಲ್ಲ.

ಕಾರ್ಖಾನೆಯಲ್ಲಿ ಅಳತೆ ನೋಡುವ ವರ್ನಿಯರ್ ತಂದಿದ್ದಕ್ಕೆ ನಿನ್ನ ವಿದ್ಯಾರ್ಥಿನಿಯರು ನಕ್ಕರು. ಅಳೆದು ನೋಡಿದ ಮೇಲೆ ನನಗೆ ಕಂಡದ್ದನ್ನು ಬರೆದುಕೋ. ಕುಂಪಣಿಯವರ ಗುಂಡುಗಳಲ್ಲಿ ದುಂಡಗೆ ಉಳಿದವೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಕಾರ್ಖಾನೆಯ ಮಾಲಿನ ಹಾಗೆ. ಕೋಟೆಯವರದರಲ್ಲಿ ಒಂದರಂತೆ ಇನ್ನೊಂದಿಲ್ಲ. ಎರಕ ಹೊಯ್ದಾಗ ಉಳಿಯುವ ಬಾಲವನ್ನು ಎಷ್ಟೋ ಗುಂಡುಗಳಲ್ಲಿ ಕತ್ತರಿಸಿಯೇ ಇಲ್ಲ. ಅದನ್ನು ಕತ್ತರಿಸಲು ಎಷ್ಟು ಹೊತ್ತು ಬೇಕು? ಅಷ್ಟೂ ಪುರುಸೊತ್ತಿರಲಿಲ್ಲ ಅವರಿಗೆ. ಹಿಂದೆ ಯಾರೋ ಒಲೆಯ ಮುಂದೆ ಕೂತು ಎರಕ ಹೊಯ್ಯುತ್ತಿದ್ದರು, ಮುಂದೆ ಇವರು ಬಿಸಿಬಿಸಿಯಾಗಿಯೇ ತುಂಬಿಕೊಳ್ಳುತ್ತಿದ್ದರು ಎಂದು ನನಗನ್ನಿಸಿತು. ಅವರು ನಮ್ಮವರು ಎಂದು ಮನಸ್ಸಿನಲ್ಲಿ ಹೇಳಿಕೊಂಡದ್ದು ಅವತ್ತೇ ಮೊದಲು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನನ್ನ ಗಂಡ ರವಿಕುಮಾರ್ ಚನ್ನಪಟ್ಟಣದ ಕಡೆಯವರು, ಕೆಲಸಕ್ಕೆಂದು ಹೊಸೂರಿಗೆ ಬಂದವರು. ದಿಡ್ಡಿಯೋರು ಎಂಬ ಹೆಸರು ಅವರಿಗೆ ಗೊತ್ತಿಲ್ಲ. ಗೊತ್ತಾಗಬಾರದೆಂದು ಊರಿನ ಒಂದು ಮದುವೆಗೂ ಅವರನ್ನು ಕರೆದುಕೊಂಡು ಹೋಗಿಲ್ಲ. ಮಗಳು ಸಿಂಚನಾ ಅಜ್ಜನ ಊರಿನಲ್ಲಿ ಒಂದು ರಾತ್ರಿಯೂ ತಂಗಿಲ್ಲ. ಕಲ್ಲು ನಿಂತರೆ ಯಾರೋ ಫೋಟೋ ತೆಗೆದು ಕಳಿಸುತ್ತಾರೆ.

ಜೆಸಿಬಿ ಬರುವ ದಿನ ನನಗೆ ರಜೆ ಸಿಗಲಿಲ್ಲ. ಅಪ್ಪ, “ಅಡ್ಡ ಮಲಿಕ್ಕೊಂತೀನಿ” ಎನ್ನುತ್ತಿದ್ದಾನೆ. ಎಪ್ಪತ್ತೊಂದು ವಯಸ್ಸು. ಮಾಡಿಯೂಬಿಡುತ್ತಾನೆ. ಅವನನ್ನು ನೋಡಿಕೋ.

ಪವಿತ್ರ


ಗುಮ್ಮಳಾಪುರ,
4 ಏಪ್ರಿಲ್ 2024

ಪವಿತ್ರ,

ನಿನಗೆ ಕೊಟ್ಟ ಮಾತನ್ನು ನಿನ್ನೆ ಮುರಿದೆ. ಹೇಗಾಯಿತೆಂದು ಬರೆಯುತ್ತೇನೆ. ನಿಮ್ಮಪ್ಪ ಕ್ಷೇಮ.

ಜೆಸಿಬಿ ತರಿಸುತ್ತೇನೆಂದು ಅಪ್ಪನ ಕಾಗದ ಬಂದ ದಿನವೇ, ಅದನ್ನು ತಡೆಯಿರೆಂದು ಮೇಲಿನ ಕಚೇರಿಗೆ ಅರ್ಜಿ ಕಳಿಸಿದ್ದೆ. ಉತ್ತರ ಬರಲಿಲ್ಲ. ಉಳಿದ ದಿನಗಳಲ್ಲಿ ಮೂಡಲ ಬಾಗಿಲಿನಿಂದ ಆಚೆಗೆ, ಕೆರೆ ದಾಟಿ ಅಂಚೆಟ್ಟಿ ಕಾಡಿನ ಕಡೆ ಹೋಗುವ ಹಳೆಯ ಬಂಡಿದಾರಿಯಲ್ಲಿ ಹುಡುಕಿದೆವು. ಬಾಗಿಲಲ್ಲಿ ಯುದ್ಧವಾಗದಿದ್ದರೆ ಅಲ್ಲಿದ್ದವರು ಎಲ್ಲಿ ಹೋದರೆಂಬುದು ತಿಳಿಯಬೇಕಿತ್ತು. ಮಂಗಳವಾರ ಸಂಜೆ ಅದು ತಿಳಿಯಿತು. ನಿನಗೆ ಬರೆಯಲು ಸಮಯವಿರಲಿಲ್ಲ.

ಬುಧವಾರ ಬೆಳಗ್ಗೆ ಎಂಟಕ್ಕೆ ಜೆಸಿಬಿ ಬಂತು. ಅಪ್ಪನ ಹಿಂದೆ ಊರಿನ ಮೂವತ್ತು ನಲವತ್ತು ಜನ. ನಿಮ್ಮಪ್ಪ ದಿಡ್ಡಿಯ ಮುಂದೆ, ಕೆಂಪು ಬಾವುಟಗಳ ನಡುವೆ ಟವೆಲ್ ಹಾಸಿ ಕೂತಿದ್ದರು. ಯಂತ್ರದ ಬಾಯಿ ಅವರಿಂದ ಮಾರು ದೂರಕ್ಕೆ ಬಂದು ನಿಂತಿತು. ಡ್ರೈವರ್ ಇಳಿದು, “ಏನಮ್ಮಾ, ವೇಲೆ... ಕೆಲ್ಸ ಮಾಡ್ಲಾ ಬೇಡ್ವಾ?” ಎಂದು ಕೇಳಿದ. ನನ್ನನ್ನು ಯಾಕೆ ಕೇಳಿದನೋ.

“ಬ್ಯಾಡ” ಎಂದೆ.

ಅಪ್ಪ ಹತ್ತಿರ ಬಂದರು. “ಇಷ್ಟು ಜನರ ಮುಂದೆ ಯೋಳಮ್ಮ. ಚೌಡೇಗೌಡ ಹೆದರಿ ಓಡೋದ ಅಂತೀಯಾ?”

ಒಳಗೆ ಹೋಗಿಬಿಡಲು ಅಲ್ಲಿ ಅಡುಗೆಮನೆ ಇರಲಿಲ್ಲ, ಪವಿತ್ರ.

ಹೇಳಿದೆ. ಕಾಡಿನ ದಾರಿಯುದ್ದಕ್ಕೂ ಹತ್ತು ಹದಿನೈದು ಹೆಜ್ಜೆಗೊಂದರಂತೆ ಕೋಟೆಯವರ ಸಣ್ಣ ಗುಂಡು ಸಿಕ್ಕಿವೆ, ಎಲ್ಲ ದುಂಡಗೆ, ಒಂದನ್ನೂ ಹೊಡೆದಿಲ್ಲ, ಹರಿದ ಚೀಲದಿಂದ ಉದುರಿದ ಹಾಗೆ ಬಿದ್ದಿವೆ ಎಂದೆ. ಅವುಗಳ ನಡುವೆ ಸಿಕ್ಕ ಹಿತ್ತಾಳೆಯ ಸುಣ್ಣದ ಡಬ್ಬಿಯ ಮುಚ್ಚಳ, ಎರಡು ಕಾಲುಂಗುರ ತೋರಿಸಿದೆ. ಕೊನೆಗೆ ಒಂದು ಕಾಲ್ಗಡಗ ತೆಗೆದೆ. ಅದು ನನ್ನ ಎರಡು ಬೆರಳಿಗೆ ಮಾತ್ರ ಹಿಡಿಯಿತು. ಎರಡು ವರ್ಷದ ಮಗುವಿನದು.

“ಹೆಂಗಸ್ರು ಮಕ್ಕಳ್ನ ಕರ್ಕೊಂಡು ಮೂಡಲ ಬಾಗಿಲಿಂದ ಹೋಗವ್ರೆ ಅಪ್ಪ. ಬಂದೂಕು ಇದ್ದೋರು ಜೊತೇಲಿ ಹೋಗವ್ರೆ. ಅಷ್ಟು ಹೊತ್ತೂ ಇಲ್ಲಿ ದಿಡ್ಡಿಯೋರು ತಡ್ಕೊಂಡವ್ರೆ. ಇವ್ರು ತಡೀದಿದ್ರೆ ಆ ಮಗು ಕಾಡು ಮುಟ್ತಿರ್ಲಿಲ್ಲ. ನಾವೆಲ್ಲ ಆ ದಾರೀಲಿ ಹೋದೋರ ಮಕ್ಕಳು.”

ಅಪ್ಪ ಕಡಗವನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಹಿಂದಕ್ಕೆ ಕೊಟ್ಟರು. ಚಪ್ಪಲಿ ಹುಡುಕಿದರು. ಅದು ಕಾಲಲ್ಲೇ ಇತ್ತು. ಆಮೇಲೆ ಒಬ್ಬರೇ ಮನೆ ಕಡೆ ನಡೆದರು. ಜನ ಹಿಂದೆ ಹೋಗಲಿಲ್ಲ. ಜೆಸಿಬಿ ಬಂದ ದಾರಿಯಲ್ಲೇ ವಾಪಸಾಯಿತು.

ಒಂದು ಮಾತು ನಿನಗೆ ಹೇಳಲೇಬೇಕು. ಚೌಡೇಗೌಡ ಮಕ್ಕಳ ಕಾವಲಿಗೆಂದು ಹೋದನೋ ಜೀವ ಉಳಿಸಿಕೊಳ್ಳಲು ಹೋದನೋ ಎಂಬುದನ್ನು ಸೀಸ ಹೇಳುವುದಿಲ್ಲ. ಅಷ್ಟೂ ಗುರುತು ಒಂದೇ ದಿನದ್ದೆಂದು ನಾನು ಪ್ರಮಾಣ ಮಾಡಲೂ ಆರೆ. ಕಾವಲಿಗೆ ಹೋದ ಎಂಬಂತೆ ಹೇಳಿದೆ. ಅಪ್ಪನ ಮುಖ ನೋಡುತ್ತ ಅಷ್ಟು ಮೆತ್ತಗೆ ಮಾಡಿದೆ. ವರದಿಯಲ್ಲಿ ಹಾಗೆ ಮಾಡುವುದಿಲ್ಲ. ನಿನಗಿಂತ ಮೊದಲು ಊರಿಗೆ ಹೇಳಿದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ. ಹನ್ನೊಂದು ವರ್ಷ ಕೇಳದಿದ್ದ ಇನ್ನೊಂದನ್ನೂ ಈಗಲೇ ಕೇಳುತ್ತಿದ್ದೇನೆ.

ಭಾನು


ಅವಲಪಲ್ಲಿ,
2 ಮೇ 2024

ಭಾನು,

ಉತ್ತರಕ್ಕೆ ಒಂದು ತಿಂಗಳು ಹಿಡಿಯಿತು. ನಿನ್ನ ಕಾಗದವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಓಡಾಡಿದೆ.

ಅಪ್ಪ ಮೊನ್ನೆ ಹೊಸೂರಿಗೆ ಬಂದಿದ್ದ. ನಿಮ್ಮಪ್ಪ ನಿನಗೆ ಹೇಳಿದ್ದಾರೋ ಇಲ್ಲವೋ, ನಾನು ಹೇಳುತ್ತೇನೆ. ಕಲ್ಲುಕುಟಿಗನನ್ನು ಕರೆಸಿ ಕೊನೆಯ ಸಾಲನ್ನು ಉಳಿಯಿಂದ ಹೊಡೆಸಿ ತೆಗೆಸಿದ್ದಾರೆ. ಆ ಜಾಗದಲ್ಲಿ ಬೇರೇನೂ ಬರೆಸಿಲ್ಲ. ಕಲ್ಲನ್ನು ನಿಲ್ಲಿಸಿಯೂ ಇಲ್ಲ, ನಿಮ್ಮ ಕಣದಲ್ಲಿ ಮಲಗಿಸಿದ್ದಾರೆ. ಒಂದು ಮಧ್ಯಾಹ್ನ ನಮ್ಮ ಹೊಲಕ್ಕೆ ಬಂದು ಬದುವಿನ ಮೇಲೆ ನಿಂತರಂತೆ. “ಎಲ್ಲಿ ನಿಂತು ಹೊಡುದ್ರು, ತೋರ್ಸು ವೆಂಕಟರಾಮಪ್ಪ” ಎಂದರಂತೆ. ಅಪ್ಪ ತೋರಿಸಿದ. ಇಬ್ಬರೂ ದಿಡ್ಡಿಯೊಳಗೆ ಬಗ್ಗಿ ಹೋಗಿ ಬಂದರು. “ಮನೆಗೆ ಬಾ ಅಂದ್ಯಾ?” ಎಂದು ಕೇಳಿದೆ. “ಇಲ್ಲ ಕಣಮ್ಮಿ. ಅವನು ಕಾಯ್ದ. ನಂಗೆ ಬಾಯಿ ಬರ್ಲಿಲ್ಲ” ಎಂದ. ಅದಕ್ಕೆ ನಾನು ಅಪ್ಪನನ್ನು ಬೈಯಲಿಲ್ಲ.

ನಾನು ಬಹಳ ಯೋಚಿಸಿದ್ದು ಬೇರೆ. ಕಾಡು ಸೇರಿದವರು ಬದುಕಿ ವಾಪಸ್ ಬಂದರಲ್ಲ, ಅವರು ಬಂದು ದಿಡ್ಡಿಯಲ್ಲಿ ಬಿದ್ದಿದ್ದವರನ್ನು ನೋಡಿರಬೇಕು. ಸತ್ತವರ ಹೆಂಡತಿ ಮಕ್ಕಳು ಬದುಕಿ ಬಂದವರ ಜೊತೆಗೇ ಇದ್ದರು. ಪ್ರತಿದಿನ ಅವರ ಮುಖ ನೋಡಬೇಕಿತ್ತು. ಬಿಟ್ಟುಹೋದೆವು ಎಂದು ಒಪ್ಪಿಕೊಂಡು ಬದುಕುವುದು ಕಷ್ಟ. ಸತ್ತವರೇ ಕೆಟ್ಟವರು ಎಂದುಬಿಟ್ಟರೆ ಬದುಕಬಹುದು. ಇದಕ್ಕೆ ನಿನ್ನ ಯಂತ್ರ ಕೂಗುವುದಿಲ್ಲ, ನನಗೆ ಗೊತ್ತು. ವರದಿಯಲ್ಲಿ ಬರೆಯಬೇಡ.

ಮಾತು ಮುರಿದದ್ದಕ್ಕೆ ಕ್ಷಮೆ ಬೇಡ. ನಾನು ಅಲ್ಲಿದ್ದಿದ್ದರೆ ನಾನೇ, ಹೇಳು ಎನ್ನುತ್ತಿದ್ದೆ. ಇನ್ನೊಂದರ ಬಗ್ಗೆ, ಕ್ಷಮಿಸಿದೆ ಎಂದು ಬರೆಯಲು ಎರಡು ಸಲ ಕೂತೆ. ಬರೆಯಲಾಗಲಿಲ್ಲ. ಸುಳ್ಳು ಬರೆಯಲು ನನಗೂ ಇಷ್ಟವಿಲ್ಲ.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಾ. ರವಿ, ಸಿಂಚನಾ ಇಬ್ಬರೂ ಇರುತ್ತಾರೆ. ಅವರಿಗೆ ನಮ್ಮ ಮನೆಯ ಹೆಸರು, ಅದು ಬಂದ ಬಗೆ, ನಿಮ್ಮ ಜಗಲಿಯ ಮೇಲೆ ಅವತ್ತು ನಡೆದದ್ದು, ಎಲ್ಲವನ್ನೂ ನೀನೇ ಹೇಳಬೇಕು. ನಾನು ಹೇಳಿದರೆ ನಮ್ಮವರನ್ನು ವಹಿಸಿಕೊಂಡು ಹೇಳಿದಂತಾಗುತ್ತದೆ. ನೀನು ಹೇಳುವಾಗ ನಾನು ಎದುರಿಗೇ ಕೂತಿರುತ್ತೇನೆ. ಮೆತ್ತಗೆ ಮಾಡಬೇಡ.

ಪವಿತ್ರ,
ದಿಡ್ಡಿಯೋರ ಮನೆ, ಹೆಬ್ಬಂಡೆ